ಊಟದ ಮನೆಗೆ ಕೇಳಿಸದ ಗಂಟೆ

ಮೈದುನನ ಸುದ್ದಿ ಅವಳ ಕಿವಿಗೆ ಮೊದಲು ಬಿದ್ದದ್ದು ಅವಳದೇ ಮದುವೆಯ ಮಾತುಕತೆಯ ದಿನ. ಹುಡುಗನ ಕಡೆಯವರು, "ಇವನ ತಮ್ಮ ಪಾರ್ಲಿಮೆಂಟಲ್ಲಿದಾನೆ" ಎಂದುಬಿಟ್ಟರು. ಅವಳಪ್ಪ ಕುರ್ಚಿಯಿಂದ ಅರ್ಧ ಎದ್ದರು.

"ಭಾಷಣ ಮಾಡ್ತಾರಾ?"

"ಇಲ್ಲ, ಮಾಡೋರಿಗೆ ಬಾಗಿಲು ತೆಗೀತಾನೆ."

ಅಪ್ಪ ಮತ್ತೆ ಕೂತರು. ಒಳಗೆ ಲೋಟ ತೊಳೆಯುತ್ತಿದ್ದ ಅವಳಿಗೆ ನಗು ತಡೆಯಲಾಗಲಿಲ್ಲ.

ಬೀದಿಯವರಿಗೆ ಅವನು ಬರೀ 'ಪಾರ್ಲಿಮೆಂಟು'. ಕೋಟಿನ ಗುಂಡಿ ಉಜ್ಜಿ ಉಜ್ಜಿ ಕನ್ನಡಿ ಮಾಡಿಕೊಂಡು ಹೋಗುವನು. ಸಂಜೆ ಅದೇ ಬೀದಿಯ ಅಣ್ಣನ ಮನೆಗೆ ಬಂದು, ಅತ್ತಿಗೆಯ ಅಡುಗೆಮನೆ ಬಾಗಿಲಿಗೆ ಒರಗಿ, ಯಾರು ಗುಡುಗಿದರು, ಯಾರು ಗೊರಕೆ ಹೊಡೆದರು ಎಂದು ಅಭಿನಯಿಸಿ ತೋರಿಸುವನು. ಹೆಂಡತಿ ತೀರಿಕೊಂಡ ಮೇಲೂ ಆ ತಮಾಷೆ ಬಿಡಲಿಲ್ಲ. ಸಿಗರೇಟನ್ನಂತೂ ಮೊದಲಿಂದಲೂ ಬಿಟ್ಟವನಲ್ಲ. ಕೋಟು ಬಿಚ್ಚಿದ ಕೂಡಲೇ ಮಗಳನ್ನು ಮೂಲೆ ಅಂಗಡಿಗೆ ಓಡಿಸುವನು. ಎಲ್ಲ ಮನೆಯಲ್ಲೂ ಹಾಗೇ ನಡೆಯುತ್ತಿತ್ತು. ಅದರಲ್ಲಿ ತಪ್ಪೇನೂ ಅತ್ತಿಗೆಗೂ ಕಾಣಲಿಲ್ಲ.

ಮಗಳು ಇನ್ನೂ ಎರಡು ಜಡೆ ಹಾಕಿಕೊಳ್ಳುವ ವಯಸ್ಸಿನವಳು. ಒಂದು ಮಧ್ಯಾಹ್ನ ಅತ್ತಿಗೆಯ ಮನೆಯ ಬಚ್ಚಲ ಕಿಂಡಿಯಿಂದ ಹೊಗೆ ಬಂತು. ಒಲೆ ಹೊತ್ತಿಸದ ಹೊತ್ತು. ಬಾಗಿಲು ಬಡಿದರೆ ಹುಡುಗಿ ಕೆಮ್ಮುತ್ತಾ ಹೊರಬಂದಳು.

"ಯಾರೇ ಕೊಟ್ಟೋರು?"

"ಅಪ್ಪಂಗೆ ಅಂದ್ರೆ ಕೊಡ್ತಾರೆ ದೊಡ್ಡಮ್ಮ. ಎಷ್ಟು ಸಲ ಅಂತ ಕೇಳೋದೇ ಇಲ್ಲ."

ಸಂಜೆ ಪಾರ್ಲಿಮೆಂಟು ಅಂಗಡಿಗೆ ಹೋಗಿ ಹಾರಾಡಿದ. "ಮಗು ಕೈಗೆ ಕೊಡೋಕೆ ನಾಚಿಕೆ ಆಗಲ್ವೇನಯ್ಯ ನಿನಗೆ?"

ಅಂಗಡಿಯವನು ತಕ್ಕಡಿ ಒರೆಸುತ್ತಲೇ ಹೇಳಿದ: "ಮಗು ಕೈಲಿ ತರಿಸೋ ನಿಮಗೇ ಆಗದ ನಾಚಿಕೆ ನನಗ್ಯಾಕೆ ಸ್ವಾಮಿ? ಕೊಡಬಾರದು ಅಂತ ಕಾನೂನು ತನ್ನಿ, ನಿಲ್ಲಿಸ್ತೀನಿ. ಪಾರ್ಲಿಮೆಂಟು ನೀವೇ ಅಲ್ವ?"

ನಿಂತವರೆಲ್ಲ ನಕ್ಕರು. ಅವನು ತಲೆ ತಗ್ಗಿಸಿಕೊಂಡು ಬಂದ. ಅಂದಿನಿಂದ ಮಗಳನ್ನು ಕಳಿಸುವುದು ನಿಂತಿತು. ಅವಳು ಅಂಗಡಿಗೆ ಹೋಗುವುದು ನಿಲ್ಲಲಿಲ್ಲ.

ಆ ವರ್ಷವೇ ಅಂಥದೊಂದು ಮಸೂದೆ ಸದನಕ್ಕೆ ಬಂತು. ಹದಿನೆಂಟು ತುಂಬದವರಿಗೆ, ಮನೆಯವರು ಕಳಿಸಿದ್ದಾರೆ ಎಂದರೂ, ಅಂಗಡಿಯವನು ಸಿಗರೇಟು ಕೊಡುವಂತಿಲ್ಲ. ಪಾರ್ಲಿಮೆಂಟಿಗೆ ಜೀವ ಬಂತು. "ಇದೊಂದು ಪಾಸಾಗ್ಲಿ ಅತ್ತಿಗೆ, ನನ್ನ ಮಗಳು ಉಳ್ಕೋತಾಳೆ" ಎನ್ನುವನು. ದಿನದ ಚರ್ಚೆಯೆಲ್ಲ ಅಡುಗೆಮನೆಗೆ ಬರುತ್ತಿತ್ತು. ಒಬ್ಬ ಸದಸ್ಯರು ಎದ್ದು, "ನಮ್ಮಪ್ಪಂಗೆ ನಾನೇ ತಂದ್ಕೊಡ್ತಿದ್ದೆ, ನಾನೇನು ಕೆಟ್ಟುಹೋದ್ನಾ?" ಎಂದರಂತೆ. ಎದುರಿಗಿದ್ದ ಹೆಂಗಸು, "ಬೆಳಗಿನಿಂದ ನಾಲ್ಕು ಸಲ ಹೊರಗೆ ಹೋಗಿ ಬಂದ್ರಲ್ಲ, ಯಾಕೆ ಅಂತ ಸದನಕ್ಕೆ ಹೇಳಿ" ಎಂದರಂತೆ. ಇಡೀ ಸದನ ನಕ್ಕಿತಂತೆ.

"ನೀನೂ ನಕ್ಯಾ?" ಅತ್ತಿಗೆ ಕೇಳಿದಳು.

"ನಾನು ಬಾಗಿಲು ನೋಡ್ತಾ ನಿಂತಿದ್ದೆ" ಎಂದ.

ಮತಕ್ಕೆ ಹಾಕುವ ಮುಂಚೆ ಅಲ್ಲಿ ಗಂಟೆ ಬಾರಿಸುತ್ತಾರೆ. ಗಂಟೆ ನಿಂತ ಮೇಲೆ ಬಾಗಿಲು ಹಾಕಿದರೆ ಮುಗಿಯಿತು, ಮಂತ್ರಿ ಬಂದರೂ ತೆಗೆಯುವಂತಿಲ್ಲ. ಕೆಳಗಿನ ಊಟದ ಮನೆಯ ಗಂಟೆ ಕೆಟ್ಟು ಕೂತು ಎಷ್ಟೋ ಕಾಲವಾಗಿತ್ತು. ಅಲ್ಲಿದ್ದವರನ್ನು ಕೈಗಂಟೆ ಅಲ್ಲಾಡಿಸಿ ಕರೆಯುವುದು ಪಾರ್ಲಿಮೆಂಟಿನ ಪಾಲಿನ ಕೆಲಸ.

ಮತದ ದಿನ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಇನ್ನೊಬ್ಬರ ದೊಡ್ಡ ಭಾಷಣ ಬಾಕಿ ಇದೆ ಎಂದು ಕೈಗಂಟೆಯನ್ನು ಸ್ಟೂಲಿನ ಮೇಲಿಟ್ಟು ಹಿತ್ತಿಲ ಮೆಟ್ಟಿಲಿಗೆ ಹೋದ. ಒಂದು ಹಚ್ಚಿದ. ಅದು ಮುಗಿಯುತ್ತಲೇ ಅದರ ಕಿಡಿಯಿಂದ ಇನ್ನೊಂದು ಹಚ್ಚಿದ. ಅಷ್ಟರಲ್ಲಿ ಭಾಷಣದವರು ಎರಡು ಮಾತಾಡಿ ಕೂತುಬಿಟ್ಟಿದ್ದರು. ಗಂಟೆಯ ಸದ್ದು ಹಿತ್ತಿಲಿಗೆ ಮುಟ್ಟದು. ಅವನು ಓಡಿ ಬಂದಾಗ ಗಂಟೆ ನಿಂತು ಬಾಗಿಲು ಹಾಕಿತ್ತು. ಮಸೂದೆ ಬೆರಳೆಣಿಕೆಯ ಮತಗಳಿಂದ ಬಿತ್ತು. ಅದನ್ನು ಗೆಲ್ಲಿಸಬೇಕೆಂದೇ ಬಂದಿದ್ದ ಒಂದು ಗುಂಪು ಕೆಳಗೆ ಊಟದ ತಟ್ಟೆ ಮುಂದೆ ಕೂತಿತ್ತು.

ಮೇಲಧಿಕಾರಿ ಎಲ್ಲರೆದುರು ಕೇಳಿದರು: "ಎಲ್ಲಿ ಹೋಗಿದ್ರಿ?" ಪಾರ್ಲಿಮೆಂಟಿನ ಕೋಟೇ ಸಿಗರೇಟು ನಾರುತ್ತಿತ್ತು. ಅವನನ್ನು ಬಾಗಿಲಿಂದ ತೆಗೆದು ಉಗ್ರಾಣಕ್ಕೆ ಹಾಕಿದರು.

ಆ ಸಂಜೆ ಅವನು ಬಾಗಿಲಿಗೆ ಒರಗಲಿಲ್ಲ, ಅಡುಗೆಮನೆಯ ನೆಲದ ಮೇಲೆ ಕೂತ. ಎಲ್ಲವನ್ನೂ ಹೇಳಿದ, ಅಭಿನಯವಿಲ್ಲದೆ. ಅತ್ತಿಗೆ ಬೈಯಬೇಕೆಂದುಕೊಂಡಳು. ಆದರೆ ಬಚ್ಚಲ ಹೊಗೆಗೂ ಮುಂಚೆ, ಹುಡುಗಿ ಅಂಗಡಿಗೆ ಓಡುವುದನ್ನು ದಿನಾ ಇದೇ ಕಿಟಕಿಯಿಂದ ನೋಡಿ "ಎಷ್ಟು ಚುರುಕು" ಎಂದು ಹೊಗಳಿದ್ದವಳು ಅವಳೇ. ಅನ್ನದ ಪಾತ್ರೆಯ ಮುಚ್ಚಳ ತೆಗೆದಳು, ಸುಮ್ಮನೆ ಮತ್ತೆ ಮುಚ್ಚಿದಳು.

"ಮಗಳನ್ನ ನೀವಿಟ್ಕೊಳ್ಳಿ ಅತ್ತಿಗೆ" ಎಂದ. "ನನ್ನ ಹತ್ರ ಇದ್ರೆ ಸೇದೋದು ಬಿಡಲ್ಲ ಅವಳು."

"ಇಟ್ಕೋತೀನಿ. ನೀನು ದಿನಾ ಬರಬೇಕು, ಅಷ್ಟೆ. ತಾಯಿಲ್ಲದ ಕೂಸು."

"ಬರ್ತೀನಿ." ಎದ್ದು ಚಪ್ಪಲಿಗೆ ಕಾಲು ತೂರಿಸಿದ. ಮುಖ ಗೋಡೆ ಕಡೆಗಿತ್ತು. "ಇನ್ನೊಂದು ಮಾತು. ನಾನು ಬಂದಾಗ ಮೊದಲು ನನ್ನ ಬಾಯಿ ಮೂಸಿ ನೋಡಿ. ಅವಳ ಎದುರಿಗೇ ನೋಡಿ. ವಾಸನೆ ಬಂದ್ರೆ ಒಳಗೆ ಕರೀಬೇಡಿ, ಹಾಗೇ ವಾಪಸ್ ಕಳಿಸಿ."