ಅತ್ತೆಗೆ ಬಿದ್ದ ಖಾಲಿ ಫ್ಲ್ಯಾಶ್

ಆಷಾಢ ಬಂದರೆ ಶಿವಮೊಗ್ಗದ ಕಲ್ಯಾಣಮಂಟಪಗಳಿಗೆ ಹೊತ್ತೇ ಹೋಗುವುದಿಲ್ಲ. ಮದುವೆ ಇಲ್ಲ, ನಾಮಕರಣಕ್ಕೆ ಅಷ್ಟು ದೊಡ್ಡ ಜಾಗ ಬೇಕಿಲ್ಲ. ಆಗ ಅವು ಒಂದು ವಾರ ಸೀರೆ ಮಾರುತ್ತವೆ, ಇನ್ನೊಂದು ವಾರ ಸೋಫಾ ಮಾರುತ್ತವೆ. ಮದುವೆ ಫೋಟೋ ತೆಗೆಯುವವರಿಗೂ ಆ ತಿಂಗಳು ಕೆಲಸವಿಲ್ಲ. ಕೆಲಸವಿಲ್ಲದ ಮಂಟಪವೂ ಕೆಲಸವಿಲ್ಲದ ಫೋಟೋದವರೂ ಸೇರಿ ಹೋದ ಆಷಾಢದಲ್ಲಿ ಒಂದು ಹಳೇ ಕ್ಯಾಮೆರಾ ಮೇಳ ಮಾಡಿದರು. ಕೆಳಗೆ ಊಟದ ಹಾಲಿನಲ್ಲಿ ಸೀರೆ ಸೇಲು, ಮೇಲೆ ಮದುವೆ ಹಾಲಿನಲ್ಲಿ ಕ್ಯಾಮೆರಾ. ಸೀರೆಗಳಿಗೆಲ್ಲ ಸಾರಿನ ವಾಸನೆ, ಕ್ಯಾಮೆರಾಗಳಿಗೆಲ್ಲ ನುಸಿಗುಳಿಗೆಯ ವಾಸನೆ.

ನನಗೆ ಫಿಲಂ ಕ್ಯಾಮೆರಾ ಬೇಕಾಗಿತ್ತು. ಫೋಟೋ ತೆಗೆಯುವ ಉದ್ದೇಶ ಅಷ್ಟೇನೂ ಇರಲಿಲ್ಲ, ಕೊರಳಿಗೆ ನೇತುಹಾಕಿಕೊಳ್ಳುವ ಉದ್ದೇಶವಿತ್ತು. ನಮ್ಮ ಕಾಲೇಜಿನಲ್ಲಿ ಫೋನು ಎಲ್ಲರ ಕೈಯಲ್ಲೂ ಇದೆ, ಕಸ ಗುಡಿಸುವವರದು ನನ್ನದಕ್ಕಿಂತ ಒಳ್ಳೆಯದು. ಫಿಲಂ ಕ್ಯಾಮೆರಾ ಮಾತ್ರ ಯಾರಲ್ಲೂ ಇಲ್ಲ. ಅದನ್ನು ಹಾಕಿಕೊಂಡು ಗೇಟಿನೊಳಗೆ ನಡೆದರೆ ಪ್ರಿನ್ಸಿಪಾಲರು ಎದ್ದು ನಿಲ್ಲುವುದೊಂದೇ ಬಾಕಿ. ಅದಕ್ಕಾಗಿ ತಿಂಗಳಿಡೀ ವಿಡಿಯೋ ನೋಡಿ ಜಗತ್ತಿನ ಫಿಲಂ ಜ್ಞಾನವನ್ನೆಲ್ಲ ಮುಗಿಸಿದ್ದೆ. ಒಂದು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ನೋಡುವುದಷ್ಟೇ ಉಳಿದಿತ್ತು.

ಆದರೆ ಆ ಭಾನುವಾರವೇ ಜನ್ನಾಪುರದ ಅತ್ತೆ ಭದ್ರಾವತಿ ಬಸ್ಸಿನಿಂದ ಇಳಿದು ಸೀರೆ ಸೇಲಿಗೆ ಹೊರಟರು. ಶ್ರಾವಣದಲ್ಲಿ ಅವರ ಮಗಳ ಮದುವೆ. ಚೀಲ ಹೊರಲು ನಾನು.

ಅತ್ತೆ ಅಂದರೆ ಅಪ್ಪನ ಅಕ್ಕ. ಭದ್ರಾವತಿಯಲ್ಲಿ ನಡೆದ ನನ್ನ ಅಪ್ಪ ಅಮ್ಮನ ಮದುವೆಯ ಆರತಕ್ಷತೆಯಲ್ಲಿ ಅವರು ಗಿಳಿಹಸಿರು ರೇಷ್ಮೆ ಸೀರೆ ಉಟ್ಟು ಸ್ಟೇಜು ಹತ್ತಿದ್ದರಂತೆ. ಮದುಮಗಳನ್ನು ಬಿಟ್ಟು ಮಂಟಪವೆಲ್ಲ ಅವರನ್ನೇ ನೋಡಿತಂತೆ. ಇದು ಅತ್ತೆಯ ಹೇಳಿಕೆ. ನಗುತ್ತಾ ನಿಂತರು, ಫ್ಲ್ಯಾಶ್ ಬಿತ್ತು, ಇಳಿದರು. ಆಲ್ಬಂ ಬಂದಾಗ ನೋಡಿದರೆ ಅತ್ತೆಯೇ ಇಲ್ಲ. ಸ್ವಂತ ತಮ್ಮನ ಮದುವೆಯಲ್ಲಿ ಅಕ್ಕನದ್ದು ಅಂತ ಸಿಕ್ಕಿದ್ದು ಒಂದು ಮೊಣಕೈ, ಅದೂ ಅರಿಶಿನದ ತಟ್ಟೆಯ ಹಿಂದೆ. ಉಳಿದ ಪುಟಗಳ ತುಂಬ ಯಾರೆಂದೇ ಗೊತ್ತಿಲ್ಲದ ಜನ. ಸೌಟು ಹಿಡಿದ ಅಡುಗೆಯವನು, ಎರಡೆರಡು ಭಂಗಿಯಲ್ಲಿ ಹೂವಿನವನು, ಪಕ್ಕದ ಮಂಟಪಕ್ಕೆ ಹೋಗಬೇಕಾಗಿದ್ದು ದಾರಿ ತಪ್ಪಿ ಬಂದ ಕುಂಸಿಯ ಒಂದು ಇಡೀ ಕುಟುಂಬ. ಆ ಕುಟುಂಬ ಎಷ್ಟು ಚೆನ್ನಾಗಿ ಬಂದಿದೆ ಅಂದರೆ, ಚಿಕ್ಕವನಿದ್ದಾಗ ನಾನು ಅವರನ್ನೇ ಅಜ್ಜ ಅಜ್ಜಿ ಅಂದುಕೊಂಡಿದ್ದೆ.

ಅತ್ತೆ ವಿಚಾರಣೆಯಿಲ್ಲದೆ ತೀರ್ಪು ಕೊಟ್ಟರು. ಸೀರೆಯ ಹೊಟ್ಟೆಕಿಚ್ಚಿಗೆ ಅಮ್ಮನೇ ಆ ಫೋಟೋ ಕಿತ್ತು ಎಸೆದಿದ್ದಾಳೆ. ಅಮ್ಮ ಇಲ್ಲವೆಂದಳು, ದೇವರ ಮೇಲೆ ಆಣೆ ಇಟ್ಟಳು. ಪ್ರಯೋಜನವಾಗಲಿಲ್ಲ. ಅಲ್ಲಿಂದ ನಾನು ಹುಟ್ಟಿ, ಬೆಳೆದು, ಮೀಸೆ ಬರುವವರೆಗೂ ಅತ್ತೆ ನಮ್ಮ ಮನೆಯ ಕ್ಯಾಮೆರಾಕ್ಕೆ ಮುಖ ಕೊಟ್ಟಿಲ್ಲ. ನನ್ನ ಹುಟ್ಟುಹಬ್ಬದ ಯಾವ ಫೋಟೋ ತೆಗೆದರೂ ಕಾಣುವುದು ಕೇಕು, ನಾನು, ಮತ್ತು ಅತ್ತೆಯ ತುರುಬು.

ಈಗ ಮಗಳ ಮದುವೆ. ನಾನು ಅಕ್ಕ ಎನ್ನುವ ಆ ಮಗಳು ಪಿಯುಸಿ ಓದಿದ್ದು ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಇದ್ದುಕೊಂಡು. ಎರಡು ವರ್ಷ ಅಮ್ಮನೇ ಅವಳಿಗೆ ಜಡೆ ಹಾಕಿ, ಡಬ್ಬಿ ಕಟ್ಟಿ, ಪರೀಕ್ಷೆಯ ದಿನ ಹಣೆಗೆ ವಿಭೂತಿ ಹಚ್ಚಿ ಕಳಿಸಿದ್ದಳು. ಅಂಥ ಅಮ್ಮನಿಗೆ ಅತ್ತೆ ಲಗ್ನಪತ್ರಿಕೆ ಕೊಟ್ಟು, "ಬಂದು ಊಟ ಮಾಡ್ಕೊಂಡ್ ಹೋಗು. ಸ್ಟೇಜ್ ಹತ್ತೋದೇನೂ ಬೇಡ. ನಮ್ ಆಲ್ಬಂಲೂ ಜಾಗ ಇಲ್ಲ" ಅಂದಿದ್ದರು.

"ಆಯ್ತಕ್ಕ" ಅಂದಳು ಅಮ್ಮ. ಆದರೆ ಆ ಮದುವೆಗೆಂದೇ ಫಾಲ್ ಹಾಕಿಸಿ ಇಟ್ಟಿದ್ದ ಸೀರೆಯನ್ನು ಎತ್ತಿ ಬೀರುವಿನ ತಳಕ್ಕೆ ಸೇರಿಸಿದಳು. ಎರಡು ದಿನ ಸಾರಿಗೆ ಉಪ್ಪು ಬೀಳಲಿಲ್ಲ. ಅಪ್ಪ, ನಾನು ಇಬ್ಬರೂ ಉಪ್ಪಿನಕಾಯಿ ಕಲಸಿಕೊಂಡು ಉಂಡೆವು.

ಇಷ್ಟು ತಲೆಯಲ್ಲಿಟ್ಟುಕೊಂಡು ಮೇಳಕ್ಕೆ ಬನ್ನಿ.

ಅತ್ತೆ ಕೆಳಗಿನ ಹಾಲಿನಲ್ಲಿ ಸೀರೆಗಳನ್ನು ಎಷ್ಟು ಬಿಚ್ಚಿಸಿದರೆಂದರೆ, ಅಂಗಡಿಯವನು ಕೊನೆಗೆ ತಾನೇ ಒಂದು ಸೀರೆ ಸುತ್ತಿಕೊಂಡು ತೋರಿಸುವ ಹಂತಕ್ಕೆ ಬಂದಿದ್ದ. ಆಮೇಲೆ ಅವರಿಗೆ ಮಂಡಿ ನೋವು ಶುರುವಾಯಿತು. ಕೂರಲು ಕೆಳಗೆಲ್ಲೂ ಕುರ್ಚಿಯಿಲ್ಲ. "ಮೇಲೆ ಸಿಂಹಾಸನ ಇದೆ ಅತ್ತೆ" ಅಂದೆ ನಾನು. ಸುಳ್ಳಲ್ಲ. ಮದುವೆ ಸ್ಟೇಜಿನ ಮೇಲೆ ಗಂಡು ಹೆಣ್ಣು ಕೂರುವ ಕೆಂಪು ಮಖಮಲ್ಲಿನ ಎರಡು ಸಿಂಹಾಸನಗಳು ಹಾಗೇ ಇದ್ದವು. ಅತ್ತೆ ಗಂಡಿನದ್ದರಲ್ಲಿ ಕೂತರು, ಹೆಣ್ಣಿನದ್ದರಲ್ಲಿ ಸೀರೆಯ ಚೀಲಗಳನ್ನು ಕೂರಿಸಿದರು.

ಸ್ಟೇಜಿನ ಮುಂದೆಯೇ ಭದ್ರಾವತಿಯ ಒಬ್ಬ ವಯಸ್ಸಾದ ಫೋಟೋದವರ ಮೇಜು. ನಾನು ಒಂದು ಕ್ಯಾಮೆರಾ ಎತ್ತಿಕೊಂಡು, ಹುಬ್ಬು ಗಂಟಿಕ್ಕಿ ಕೇಳಿದೆ.

"ಇದ್ರ ಗ್ರೇನ್ ಹೆಂಗಿದೆ?"

"ಗ್ರೇನ್ ಇರೋದು ಫಿಲಂನಲ್ಲಿ ಮಾರಾಯ, ಕ್ಯಾಮೆರಾದಲ್ಲಲ್ಲ."

"ಗೊತ್ತು. ನಿಮ್ಗೆ ಗೊತ್ತಾ ಅಂತ ನೋಡ್ದೆ."

ಕಣ್ಣಿಗೆ ಹಿಡಿದೆ. ಪಕ್ಕದವರು ನೋಡಲಿ ಎಂದು ಒಂದು ಕಾಲು ಮುಂದಿಟ್ಟು, ಸೊಂಟ ಬಾಗಿಸಿ, ಉಸಿರು ಕಟ್ಟಿ ನಿಂತೆ. ಒಳಗೆ ಗಾಢಾಂಧಕಾರ.

"ಮುಚ್ಚಳ ತೆಗೀಬೇಕು" ಅಂದರು ಅವರು.

"ಕತ್ಲೆ ಎಷ್ಟು ಕ್ಲಿಯರ್ ಆಗಿ ಕಾಣುತ್ತೆ ಅಂತ ಚೆಕ್ ಮಾಡ್ತಿದ್ದೆ."

ಅವರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ಕ್ಯಾಮೆರಾ ಇಸಿದುಕೊಂಡು, ಮೇಲೆ ಒಂದು ಫ್ಲ್ಯಾಶ್ ಸಿಕ್ಕಿಸಿದರು. ತೋರಿಸಲೆಂದು ಎದುರಿಗಿದ್ದ ಸಿಂಹಾಸನದ ಕಡೆ ತಿರುಗಿಸಿ ಹೊಡೆದರು. ಫಳ್ ಅಂತ ಬೆಳಕು. ಅತ್ತೆ ಅಭ್ಯಾಸಬಲದಿಂದ ಗಕ್ಕನೆ ಮುಖ ತಿರುಗಿಸಿ ತುರುಬು ಕೊಟ್ಟರು.

"ಯಾರ್ರೀ ಅದು, ಕೇಳ್ದೆ ಫೋಟೋ ತೆಗೆಯೋದು?"

"ಹೆದರ್ಬೇಡಿ ಅಮ್ಮ, ಫೋಟೋ ಅಲ್ಲ. ಖಾಲಿ ಫ್ಲ್ಯಾಶ್."

"ಖಾಲಿ ಅಂದ್ರೆ?"

"ಬರೀ ಬೆಳಕು. ಫ್ಲ್ಯಾಶಿನ ಹಿಂದೆ ಈ ಗುಂಡಿ ಇದೆಯಲ್ಲ, ಇದನ್ನ ಒತ್ತಿದ್ರೆ ಬೆಳಕು ಬೀಳುತ್ತೆ, ಕ್ಯಾಮೆರಾ ಫೋಟೋ ತೆಗೆಯೋದೇ ಇಲ್ಲ." ಅವರಿಗೆ ಹಳೆಯ ಹುರುಪು ಬಂತು. "ರೀಲಿನ ಕಾಲದಲ್ಲಿ ನಮ್ಮನ್ನ ಕಾಪಾಡಿದ್ದೇ ಇದು ಅಮ್ಮ. ರೀಲಲ್ಲಿ ಮೂವತ್ತಾರು ಫೋಟೋ. ಸ್ಟೇಜ್ ಹತ್ತೋರು ಊರಿಗೂರೇ. ಎಲ್ರುದ್ದೂ ತೆಗೆದ್ರೆ ಹೆಣ್ಣಿನ ಅಪ್ಪ ಮನೆ ಮಾರ್ಬೇಕು. ತೆಗೀದಿದ್ರೆ ಬಂದೋರಿಗೆ ಬೇಜಾರು. ಅದಕ್ಕೆ ಬೆಳಕು ತೋರ್ಸಿ ಕಳಿಸ್ತಿದ್ವಿ. ಪಾಪ, ನಗ್ ನಗ್ತಾ ಊಟಕ್ಕೆ ಹೋಗೋರು."

ಅತ್ತೆ ಸಿಂಹಾಸನದಿಂದ ಎದ್ದರು. ಮಂಡಿ ನೋವು ಎಲ್ಲಿ ಹೋಯಿತೋ.

"ಭದ್ರಾವತೀಲೂ ಹಿಂಗ್ ಮಾಡ್ತಿದ್ರಾ?"

"ಭದ್ರಾವತೀಲೇ ಜಾಸ್ತಿ!"

ಅತ್ತೆ ಸ್ಟೇಜಿಳಿದು ಒಂದೊಂದೇ ಮೇಜಿಗೆ ಹೋಗಿ ವಿಚಾರಣೆ ಶುರುಮಾಡಿದರು. "ನೀನೂ ಹೊಡ್ದಿದ್ದೀಯೇನಪ್ಪ ಖಾಲಿ?" ನಾಚಿಕೊಳ್ಳುವವರು ಒಬ್ಬರೂ ಇರಲಿಲ್ಲ. ಪಕ್ಕದ ಮೇಜಿನವನು ತನ್ನ ಸ್ವಂತ ಮಾವನಿಗೇ ಹೊಡೆದಿದ್ದನಂತೆ. ಲೆನ್ಸು ಒರೆಸುತ್ತಿದ್ದ ಒಬ್ಬನ ದುಃಖ ಬೇರೆಯೇ ಆಗಿತ್ತು. "ನನ್ ಮದುವೇಲಿ ನಮ್ ಗುರುಗಳು ನಂಗೇ ಹೊಡ್ದ್ರು ಅಕ್ಕ. ತಾಳಿ ಕಟ್ಟಿದ್ದು ಬಂದೇ ಇಲ್ಲ. ಹೆಂಡ್ತಿ ಜಗಳದಲ್ಲಿ ಸಾಕ್ಷಿ ಕೇಳ್ತಾಳೆ, ಎಲ್ಲಿಂದ ತರ್ಲಿ?"

ಅತ್ತೆ ಅವನನ್ನು ಸಮಾಧಾನ ಮಾಡುವ ಸ್ಥಿತಿಯಲ್ಲಿರಲಿಲ್ಲ. ಸೀದಾ ಹಿರಿಯ ಫೋಟೋದವರ ಹತ್ತಿರ ಬಂದರು.

"ಯಾರಿಗೆ ನಿಜ, ಯಾರಿಗೆ ಖಾಲಿ ಅಂತ ನೀವ್ ಹೆಂಗ್ ತೀರ್ಮಾನ ಮಾಡ್ತಿದ್ರಿ?"

"ನಮ್ಗೇನ್ ಗೊತ್ತಮ್ಮ ನಿಮ್ ನೆಂಟ್ರು? ಮನೆಯೋರ ಕಡೆಯಿಂದ ಒಬ್ರು ನಮ್ ಪಕ್ಕ ನಿಲ್ಲೋರು. ಬೇಕಾದೋರು ಸ್ಟೇಜ್ ಹತ್ತಿದ್ರೆ ಮೂಗು ಮುಟ್ಕೊಳ್ಳೋರು. ಮೂಗಿಗೆ ಕೈ ಹೋಯ್ತೋ, ನಿಜವಾದ ಫೋಟೋ. ಇಲ್ವೋ, ಖಾಲಿ."

ಮೂಗು ಎಂಬ ಮಾತು ಕೇಳಿದ ಕೂಡಲೇ ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿದೆವು. ಅತ್ತೆಯ ಗಂಡ, ಅಂದರೆ ನನ್ನ ಮಾವ, ನೆಗಡಿಯ ಮನುಷ್ಯ. ಜನ್ನಾಪುರದಲ್ಲಿ ನಲ್ಲಿ ನಿಲ್ಲಬಹುದು, ಮಾವನ ಮೂಗು ನಿಲ್ಲುವುದಿಲ್ಲ. ಅವರು ಒಂದು ಕೈಯಲ್ಲಿ ಸ್ಕೂಟರ್ ಓಡಿಸುವುದನ್ನು ಕಲಿತಿದ್ದೇ ಇನ್ನೊಂದು ಕೈ ಕರ್ಚೀಫಿಗೆ ಬೇಕೆಂದು.

ಅತ್ತೆ ಫೋನ್ ಹಚ್ಚಿದರು. ಅವರಿಗೆ ಸ್ಪೀಕರ್ ಹಾಕದೆ ಮಾತಾಡಿ ಗೊತ್ತಿಲ್ಲ. ಇಡೀ ಹಾಲೇ ಕಿವಿಯಾಯಿತು.

"ರೀ, ನನ್ ತಮ್ಮನ ಮದುವೇಲಿ ಫೋಟೋದೋನ ಪಕ್ಕ ಯಾರ್ ನಿಂತಿದ್ದಿದ್ದು?"

"ನಾನೇ ಕಣೆ. ಯಾಕೆ?"

"ಅವತ್ತು ನಿಮ್ಗೆ ನೆಗಡಿ ಇತ್ತಾ?"

ಆ ಕಡೆಯಿಂದ ಮೊದಲು ಒಂದು ಸೀನು ಬಂತು. ಆಮೇಲೆ ದೊಡ್ಡ ನಿಟ್ಟುಸಿರು. "ಗೊತ್ತಾಗ್ಬಿಡ್ತಾ? ಭಾರೀ ನೆಗಡಿ ಕಣೆ ಅವತ್ತು. ಕೈ ಮೂಗಿಂದ ಇಳೀಲೇ ಇಲ್ಲ. ಆ ಪುಣ್ಯಾತ್ಮ ಸೌಟಿನೋನಿಗೂ ನಿಜವಾದ್ ಫೋಟೋನೇ ಹೊಡ್ದ, ಹೂವಿನೋನಿಗೂ ಹೊಡ್ದ, ಯಾರೋ ದಾರಿ ತಪ್ಪಿ ಬಂದೋರಿಗೂ ಹೊಡ್ದ."

"ನಾನ್ ಹತ್ತಿದಾಗ?"

"ಆ ರೀಲು ಮುಗ್ದಿತ್ತು. ಇನ್ನೊಂದು, ಬೆಳಿಗ್ಗೆ ತಾಳಿ ಕಟ್ಟೋಕೆ ಅಂತ ಎತ್ತಿಟ್ಟಿದ್ರು. ನೀನು ಆ ಸೀರೆ ಉಟ್ಕೊಂಡು ನಗ್ತಾ ನಿಂತ್ಬಿಟ್ಟಿದ್ದೆ. ಹೆಂಗ್ ಹೇಳ್ಲಿ? ಬೆಳಕಾದ್ರೂ ಬೀಳ್ಲಿ ಅಂತ ನಾನೇ ಹೇಳ್ದೆ."

"ಮತ್ತೆ ಇಷ್ಟು ವರ್ಷ ಬಾಯಿಗೇನ್ ತುಂಬ್ಕೊಂಡಿದ್ರಿ?"

"ಅವಳೇ ಕಿತ್ತಿದ್ದು ಅಂತ ನೀನು ತೀರ್ಮಾನ ಮಾಡ್ಬಿಟ್ಟಿದ್ದೆ. ನಿನ್ ತೀರ್ಮಾನದ ಮೇಲೆ ನಾನು ಯಾವತ್ತಾದ್ರೂ ಮಾತಾಡಿದ್ದೀನೇನೆ?"

ಹಾಲಿನಲ್ಲಿದ್ದ ಮದುವೆಯಾದ ಗಂಡಸರೆಲ್ಲ ಒಟ್ಟಿಗೆ ತಲೆಯಾಡಿಸಿದರು. ಅತ್ತೆ ಫೋನ್ ಇಟ್ಟು, ಮೇಜಿನ ಮೇಲಿದ್ದ ಫ್ಲ್ಯಾಶನ್ನು ಹಾವು ನೋಡಿದ ಹಾಗೆ ನೋಡುತ್ತಾ ನಿಂತರು.

ಫೋಟೋದವರು ನನ್ನ ಕಿವಿಗೆ ಬಾಗಿ, "ನಿಮ್ಮತ್ತೇನ ಕರ್ಕೊಂಡ್ ಹೋಗು ಮಾರಾಯ. ಕ್ಯಾಮೆರಾ ಅರ್ಧ ರೇಟಿಗೆ ಕೊಡ್ತೀನಿ" ಅಂದರು.

"ಅತ್ತೆಗೆ ಇನ್ನೂ ಏನೇನೋ ಕೇಳೋದಿದೆ ಅನ್ಸುತ್ತೆ" ಅಂದೆ ನಾನು.

ಚರ್ಮದ ಕವರು, ಬೆಲ್ಟು ಎರಡೂ ಪುಕ್ಕಟೆ ಬಂದವು.

ಹೊಸಮನೆಗೆ ಆಟೋದವನು ಕೇಳಿದಷ್ಟೂ ದುಡ್ಡನ್ನು ಅತ್ತೆ ಕೊಟ್ಟರು. ಅವರು ಚೌಕಾಸಿ ಮಾಡದೆ ಕೊಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ, ಆಸ್ಪತ್ರೆಗೆ ಹೋಗೋಣವೇ ಎಂದು ಕೇಳುವವನಿದ್ದೆ. ಮನೆಯಲ್ಲಿ ಅಮ್ಮ ನೀರು ತಂದು ಕೊಟ್ಟಳು. ಅತ್ತೆ ಲೋಟ ಹಿಡಿದುಕೊಂಡು ಗೋಡೆಯ ಕ್ಯಾಲೆಂಡರಿನ ಜೊತೆ ಮಾತಾಡಿದರು.

"ಮದುವೆಗೆ ಅಂತ ಸೀರೆ ತಗೊಂಡಿದ್ದೆಯಲ್ಲ, ಎಲ್ಲಿಟ್ಟಿದ್ದೀಯ?"

"ಬೀರುಲಿದೆ ಅಕ್ಕ."

"ಹೊರಗ್ ತೆಗಿ. ಇಸ್ತ್ರಿ ಮಾಡ್ಸು. ಸ್ಟೇಜಲ್ಲಿ ನನ್ ಪಕ್ಕಾನೇ ನಿಂತ್ಕೋಬೇಕು ನೀನು."

ಅಮ್ಮ ನನ್ನ ಕಡೆ ನೋಡಿದಳು. ನಾನು ಕ್ಯಾಮೆರಾ ಒರೆಸುವುದರಲ್ಲಿ ಮುಳುಗಿದೆ. "ಅಕ್ಕ, ಆ ಫೋಟೋ ನಾನು..." ಎಂದು ಅವಳು ಶುರುಮಾಡಿದಳು.

"ಬಿಡೇ, ಗೊತ್ತಾಯ್ತು. ಎಲ್ಲಾ ನಮ್ ಯಜಮಾನ್ರ ಮೂಗಿಂದು."

ನಮ್ಮ ಕಡೆ ಇದಕ್ಕಿಂತ ದೊಡ್ಡ ಕ್ಷಮಾಪಣೆ ಯಾರೂ ಕೇಳಿಲ್ಲ. ಅಮ್ಮ ಒಳಗೆ ಹೋಗಿ ಕಾಫಿಗಿಟ್ಟಳು. ಸಕ್ಕರೆ ಎಷ್ಟು ಬಿದ್ದಿತ್ತೆಂದರೆ ಚಮಚ ಲೋಟದಲ್ಲಿ ನಿಂತುಕೊಂಡಿತ್ತು.

ಶ್ರಾವಣದಲ್ಲಿ ಭದ್ರಾವತಿಯಲ್ಲಿ ಮದುವೆ. ಅಮ್ಮ ಆ ಸೀರೆ ಉಟ್ಟು ಅತ್ತೆಯ ಪಕ್ಕ ಸ್ಟೇಜು ಹತ್ತಿದಳು. ಮದುವಣಗಿತ್ತಿ ಅಕ್ಕ ಮುಂದೆ ಬಂದು ಅಮ್ಮನ ಕೈ ಹಿಡಿದುಕೊಂಡಳು. ಫೋಟೋದವನು ನನಗಿಂತ ನಾಲ್ಕೈದು ವರ್ಷ ದೊಡ್ಡವನು, ರೀಲನ್ನೇ ಕಂಡವನಲ್ಲ. ಫ್ಲ್ಯಾಶ್ ಬಿದ್ದದ್ದೇ ತಡ, ಅತ್ತೆ ಸ್ಟೇಜಿಳಿದು ಅವನ ಮುಂದೆ ನಿಂತರು.

"ತೋರ್ಸು. ಬಂದಿದೆಯಾ?"

"ಬಂದಿದೆ ಆಂಟಿ."

"ಬಾಯಲ್ಲಿ ಹೇಳ್ಬೇಡ, ತೋರ್ಸು."

ಫೋಟೋ ಬಂದಿತ್ತು, ಆದರೆ ಅಮ್ಮ ಕಣ್ಣು ಮುಚ್ಚಿದ್ದಳು. ಅತ್ತೆ ಮತ್ತೆ ಹತ್ತಿದರು, ಫ್ಲ್ಯಾಶ್ ಬಿತ್ತು, ಮತ್ತೆ ಇಳಿದು ನೋಡಿದರು. ಮತ್ತೂ ಕಣ್ಣು ಮುಚ್ಚಿದ್ದಳು. ಹತ್ತುವುದು, ಇಳಿಯುವುದು. ಗಂಡಿನ ಕಡೆಯವರ ಸಾಲು ಸ್ಟೇಜಿನ ಮೆಟ್ಟಿಲಿನಿಂದ ಶುರುವಾಗಿ ಚಪ್ಪಲಿ ಬಿಡುವ ಜಾಗ ದಾಟಿ ರಸ್ತೆಗೆ ಮುಟ್ಟಿತ್ತು. ರಸ್ತೆಯಲ್ಲಿ ಹೋಗುತ್ತಿದ್ದವರೂ ಏನೋ ಹಂಚುತ್ತಿದ್ದಾರೆಂದು ಸಾಲಿನಲ್ಲಿ ನಿಂತರು. ಮದುಮಗ ಹಾರದ ಭಾರಕ್ಕೆ ಒಂದು ಕಡೆ ವಾಲಿ, "ಇವ್ರು ಯಾರು?" ಎಂದು ನನ್ನನ್ನು ಕೇಳಿದ. "ಬಹಳ ಬೇಕಾದೋರು" ಅಂದೆ.

"ಕಣ್ ಬಿಡೇ ಮಾರಾಯ್ತಿ!" ಅತ್ತೆ ಕೂಗಿದರು. "ನಿನ್ ಫೋಟೋ ಸರಿಯಾಗಿ ಬರೋವರ್ಗೂ ಯಾರ್ನೂ ಹತ್ತೋಕ್ ಬಿಡಲ್ಲ ನಾನು."

"ಕಣ್ ತುಂಬಾ ನೀರು ಬರ್ತಿದೆ ಅಕ್ಕ. ಹೆಂಗ್ ಬಿಡ್ಲಿ?"

"ನೀರು ಬಂದ್ರೆ ಬರ್ಲಿ. ಬಿಡು."

ಅಮ್ಮ ಬಿಟ್ಟಳು.