ಕತ್ತರಿ ಯಂತ್ರಕ್ಕೆ ಬಂದ ಭ್ರಮೆ

ಭೂಮಿತಾಯಿ ಸಕಲವನ್ನೂ ತನ್ನೊಳಗೆ ಇಂಗಿಸಿಕೊಳ್ಳುವವಳು. ಮನುಷ್ಯನ ಪಾಪವನ್ನೂ, ಯಂತ್ರದ ಪೋಲಿ ಕರೆಂಟನ್ನೂ. ಆದರೆ ತಂತಿ ಅವಳ ತನಕ ತಲುಪಿರಬೇಕು. ಈ ಸಣ್ಣ ಷರತ್ತನ್ನು, ಮೂವತ್ತು ವರ್ಷ ಮೇಂಟೆನೆನ್ಸ್ ಕೆಲಸ ಮಾಡಿದ ನಾನು, ನವಿ ಮುಂಬಯಿಯ ತುರ್ಭೆಯ ಕಾರ್ಖಾನೆಯಲ್ಲಿ ಮರೆತೆ.

ಮಸಾಲೆ ಪೊಟ್ಟಣ ಕತ್ತರಿಸುವ ಯಂತ್ರ ಅದು. ಪ್ಲಾಸ್ಟಿಕ್ ರೋಲಿನ ಅಂಚಿನಲ್ಲಿ ಕಪ್ಪು ಗುರುತುಗಳು. ಸೆನ್ಸರ್ ಗುರುತು ಕಂಡೊಡನೆ ಬ್ಲೇಡ್ ಇಳಿಯಬೇಕು. ದಸರೆ ಕಳೆದ ಮೂರನೆಯ ದಿನ ಬ್ಲೇಡ್ ಮನಸ್ಸು ಬಂದಲ್ಲಿ ಇಳಿಯತೊಡಗಿತು. ಚಿತ್ರದ ಮೆಣಸಿನಕಾಯಿಯ ತೊಟ್ಟು ಒಂದು ಪೊಟ್ಟಣಕ್ಕೆ, ತುದಿ ಮುಂದಿನದಕ್ಕೆ.

ಯಂತ್ರ ನಡೆಸುತ್ತಿದ್ದವಳು ವಿಜಯಪುರದ ಕಡೆಯ ಹೆಂಗಸು. ಆರು ವರ್ಷ ಲೋಡಿಂಗಿನಲ್ಲಿ ಪೆಟ್ಟಿಗೆ ಎತ್ತಿ, ಸೊಂಟ ಕೆಡಿಸಿಕೊಂಡು, ಈ ಕೆಲಸ ಕಲಿತು ಬಂದವಳು. ಸೂಪರ್‌ವೈಸರ್ ತೀರ್ಪು ಕೊಟ್ಟ: "ಕಾಕಾ, ಮಶೀನ್ ಬರೋಬರ್ ಆಹೆ. ಬಾಯೀಚಾ ಹಾತ್ ಬರೋಬರ್ ನಾಹೀ." ಯಂತ್ರ ಸರಿಯಿದೆ, ಹೆಂಗಸಿನ ಕೈ ಸರಿಯಿಲ್ಲವಂತೆ. ಶನಿವಾರದೊಳಗೆ ಸರಿಯಾಗದಿದ್ದರೆ ಆಕೆ ವಾಪಸ್ ಲೋಡಿಂಗಿಗೆ.

"ನನ್ ಕೈ ಅದರಾಗ ಎಲ್ಲೈತ್ರೀ ಕಾಕಾ? ಮೋಟರ್ ಬಂದ್ ಮಾಡಿ ಕೈಲೆ ತಿರುವಿದ್ರ ಶಾಣ್ಯಾ ಇರ್ತೈತಿ. ಚಾಲೂ ಮಾಡಿದ್ರ ಹುಚ್ಚ ಹಿಡಿತೈತಿ. ಪೂಜಾದಾಗ ಏನರ ತಪ್ಪಾತೇನ್ರಿ?"

"ಪೂಜೆ ಮಾಡಿಸಿದ್ದು ನಾನೇ ಮಾರಾಯ್ತಿ. ಹಬ್ಬಕ್ಕೆಂದು ಪ್ಯಾನೆಲ್ಲಿನ ಒಳಗೂ ಬಣ್ಣ ಹೊಡೆಸಿದ್ದು ನಾನೇ. ಇನ್ನೆಂಥ ಮರ್ಯಾದೆ ಬೇಕಂತೆ ಅದಕ್ಕೆ?"

ಮೋಟರಿನ ವೇಗ ನಿಯಂತ್ರಿಸುವ ಡ್ರೈವ್ ಸುತ್ತಲಿನ ತಂತಿಗಳಿಗೆಲ್ಲ ಕಿರುಕುಳ ಕೊಡುತ್ತದೆ; ಅದು ನುಗ್ಗಿದರೆ ಸೆನ್ಸರಿಗೆ ಇಲ್ಲದ ಗುರುತು ಕಂಡಂತಾಗುತ್ತದೆ. ಅದಕ್ಕೇ ಸೆನ್ಸರಿನ ಕೇಬಲ್ಲಿಗೆ ತಾಮ್ರದ ಜಾಲರಿಯ ಅಂಗಿ ತೊಡಿಸಿರುತ್ತಾರೆ. ಆ ಅಂಗಿಯನ್ನು ಪ್ಯಾನೆಲ್ಲಿನ ತಗಡಿಗೆ ಕ್ಲಾಂಪಿನಿಂದ ಬಿಗಿದರೆ ಕಿರುಕುಳ ಅರ್ಥಿಂಗಿಗೆ ಹೋಗುತ್ತದೆ. ಇದು ಶಾಸ್ತ್ರ. ಕ್ಲಾಂಪು ಬಿಗಿಯಾಗಿಯೇ ಇತ್ತು. ಸೆನ್ಸರ್ ಬದಲಿಸಿದೆ, ಕೇಬಲ್ ಬದಲಿಸಿದೆ. ಡ್ರೈವ್ ಮಾರಿದವನಿಗೆ ಫೋನ್ ಮಾಡಿದರೆ ಜಾಲರಿಯನ್ನು ಒಂದೇ ತುದಿಯಲ್ಲಿ ಕಟ್ಟಿ ಎಂದ. ಸೆನ್ಸರ್ ಮಾರಿದವನು ಎರಡೂ ತುದಿ ಎಂದ. ಎರಡೂ ಮತಗಳನ್ನು ಭಕ್ತಿಯಿಂದ ಅನುಸರಿಸಿದೆ. ಮೆಣಸಿನಕಾಯಿ ಎರಡರಲ್ಲೂ ತುಂಡಾಯಿತು. ಒಮ್ಮೆ ನಾನು ಕೇಬಲ್ ಹಿಡಿದು ನಿಂತಾಗ ಹತ್ತು ಪೊಟ್ಟಣ ಸರಿಯಾಗಿ ಬಿದ್ದವು. ಹನ್ನೊಂದನೆಯದು ಯಾಕೆ ಕೆಟ್ಟಿತೋ ತಿಳಿಯದು. ಡೊಂಬಿವಲಿಯ ಮನೆಗೆ ಮರಳುವಾಗ ಠಾಣೆಯಲ್ಲಿ ರೈಲು ಬದಲಿಸುವುದನ್ನೇ ಮರೆತು ಸೀಟಿನಲ್ಲಿ ಕೂತಿದ್ದೆ.

ಶನಿವಾರ ಆಕೆಯನ್ನು ಲೋಡಿಂಗಿಗೆ ಕಳಿಸಿದರು. "ನೀವರ ಏನ್ ಮಾಡ್ತೀರಿ ಬಿಡ್ರಿ," ಎಂದಳು. ಅದು ಬೈಗುಳಕ್ಕಿಂತ ಕೆಟ್ಟದಾಗಿ ತಾಗಿತು.

ಸೋಮವಾರ, ಬೇರೇನೂ ತೋಚದೆ, ಮೀಟರಿನ ಒಂದು ಕಡ್ಡಿಯನ್ನು ಕ್ಲಾಂಪಿಗೂ ಇನ್ನೊಂದನ್ನು ಅರ್ಥಿಂಗ್ ಪಟ್ಟಿಗೂ ಇಟ್ಟೆ. ಸಂಪರ್ಕವಿದ್ದರೆ ಕೂಗಬೇಕಾದ ಮೀಟರ್ ಕೂಗಲಿಲ್ಲ. ಕ್ಲಾಂಪ್ ಬಿಚ್ಚಿದರೆ ಕೆಳಗೆ ನನ್ನ ಹಬ್ಬದ ಬಣ್ಣ, ಕನ್ನಡಿಯ ಹಾಗೆ ನುಣ್ಣಗೆ. ಕ್ಲಾಂಪು ಬಿಗಿದಿದ್ದದ್ದು ಕರೆಂಟು ಹರಿಯದ ಬಣ್ಣಕ್ಕೆ, ತಗಡಿಗಲ್ಲ. ಪಾಲಿಶ್ ಪೇಪರಿನಿಂದ ಉಜ್ಜಿ, ಹೊಳೆಯುವ ಕಬ್ಬಿಣದ ಮೇಲೆ ಮತ್ತೆ ಬಿಗಿದೆ. ಮೆಣಸಿನಕಾಯಿಗಳು ಇಡಿಯಾಗಿ ಬಂದವು. ಹಾಗಾದರೆ ಹಬ್ಬದ ನಂತರ ಎರಡು ದಿನ ಸರಿಯಾಗಿ ನಡೆದದ್ದು ಹೇಗೆ? ಯಾರನ್ನು ಕೇಳಲಿ?

ತಪ್ಪು ನನ್ನದೆಂದು ಸೂಪರ್‌ವೈಸರನಿಗೆ ಹೇಳಿದೆ. "ರಂಗಾನೆ ಮಶೀನ್ ಬಿಘಡತೆ ಕಾ, ಕಾಕಾ?" ಎಂದು ನಕ್ಕ. ಬಣ್ಣದಿಂದ ಯಂತ್ರ ಕೆಡುವುದುಂಟೇ ಎಂದು ಅವನ ಪ್ರಶ್ನೆ. ಬರೆದು ಕೊಟ್ಟೆ, ಸಹಿ ಹಾಕಿದೆ.

ಬರೆದು ಕೊಟ್ಟ ಹನ್ನೊಂದನೆಯ ದಿನ ಆಕೆಯನ್ನು ಯಂತ್ರಕ್ಕೆ ವಾಪಸ್ ಹಾಕಿದರು.