‘ಒಳಗೆ ಬಂದವರೆಲ್ಲ’ ಎಂಬ ಚೌಕ

ನನಗೆ ಕಂಸ ಮುಚ್ಚುವುದು ಬರುವುದಿಲ್ಲ. ಎಂಸಿಎ ಓದಿದವನು ಹೀಗೆ ಹೇಳಬಾರದು, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ತೆರೆದ ಕಂಸ ಮುಚ್ಚುವಷ್ಟರಲ್ಲಿ ನನಗೆ ಇನ್ನೊಂದು ವಿಚಾರ ಬಂದಿರುತ್ತದೆ. ಹಾಳೆಯ ಮೇಲೆ ಬರೆಯುವಾಗ ಇದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಮಾಡುತ್ತಿದ್ದ ಕೆಲಸವೆಲ್ಲ ಕಂಸದ್ದೇ ಆಗಿತ್ತು.

ಬೈಲಹೊಂಗಲದ ಒಂದು ಟ್ರಸ್ಟಿನ ದವಾಖಾನೆಗೆ ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಶಾಖೆಗಳಿದ್ದವು. ನಾಲ್ಕೂ ಕಡೆ ಒಂದೇ ಸಾಫ್ಟ್‌ವೇರ್ ನಡೆಯಬೇಕು, ನಡೆಸುವವನು ನಾನು. ಸಂಗೊಳ್ಳಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬಂದು ಮಾಡುತ್ತಿದ್ದೆ. ಇಂಥ ದೊಡ್ಡ ಸಾಫ್ಟ್‌ವೇರಿನ ಜೊತೆಗೆ ಒಂದು ಉದ್ದನೆಯ ಸೆಟ್ಟಿಂಗ್ಸ್ ಫೈಲ್ ಇರುತ್ತದೆ. ಯಾವ ಭಾಗ ಯಾವ ಯಂತ್ರದಲ್ಲಿ ಓಡಬೇಕು, ಮಾಹಿತಿ ಎಲ್ಲಿಂದ ತರಬೇಕು, ಯಾವ ಪುಟವನ್ನು ಯಾರು ನೋಡಬಹುದು ಎಂಬುದೆಲ್ಲ ಅದರಲ್ಲಿ, ಕಂಸದೊಳಗೆ ಕಂಸವಾಗಿ. ಒಂದು ಮುಚ್ಚದಿದ್ದರೂ ಇಡೀ ಸಾಫ್ಟ್‌ವೇರು ರಸ್ತೆಯ ನಡುವೆ ಮಲಗಿದ ಎಮ್ಮೆಯಂತೆ ಏಳುತ್ತಲೇ ಇರಲಿಲ್ಲ. ಮುಂಜಾನೆಯ ಬಸ್ಸಿಗೆ ಬಂದವನು ಸಂಜೆಯ ಬಸ್ಸಿನವರೆಗೂ ಒಂದೇ ಒಂದು ಕಂಸವನ್ನು ಹುಡುಕಿದ ದಿನಗಳಿವೆ.

ಅಷ್ಟರಲ್ಲಿ ಆ ಫೈಲನ್ನು ಚಿತ್ರದಂತೆ ತೋರಿಸಿ ತಿದ್ದಲು ಬಿಡುವ ಎಡಿಟರ್ ಬಂತು. ಮೇಲೆ ಸಾಲಾಗಿ ಪುಟಗಳು, ಕೆಳಗೆ ಪಟ್ಟಿಗಳು, ಪ್ರತಿ ಹೆಸರಿನ ಮುಂದೆ ಒಂದು ಪುಟ್ಟ ಚೌಕ. ಮೌಸೆಂಬ ಇಲಿಯ ಬೆನ್ನು ಒತ್ತಿದರೆ ಚೌಕದಲ್ಲಿ ಗುರುತು ಮೂಡುತ್ತಿತ್ತು. ಕಂಸಗಳನ್ನು ಅದೇ ಬರೆದು ಅದೇ ಮುಚ್ಚುತ್ತಿತ್ತು. ಬಾವಿ ಸೇದಿ ಸೇದಿ ಕೈ ಬೊಬ್ಬೆ ಎದ್ದವನ ಮನೆಗೆ ನಳ ಬಂದಂತಾಯಿತು. ‘ನಾಲ್ಕೂರ ದವಾಖಾನಿ ನನ್ನ ಬೆರಳ ತುದ್ಯಾಗ ಅದಾವ’ ಎಂದು ಊರ ಚಹಾದಂಗಡಿಯಲ್ಲಿ ಹೇಳಿಕೊಂಡೂ ಬಂದೆ.

ಆ ಎಡಿಟರಿನಲ್ಲಿ ‘ರೋಲ್’ ಎಂಬುದೊಂದಿತ್ತು. ಅಂದರೆ ಪಾತ್ರ. ನಮ್ಮ ದೊಡ್ಡಾಟದಲ್ಲಿ ಕಿರೀಟ ಇಟ್ಟವನು ಸಿಂಹಾಸನದ ಮೇಲೆ ಕೂಡುತ್ತಾನೆ, ಹಗಲು ಅವನು ಯಾರ ಹೊಲದಲ್ಲಿ ದುಡಿದರೂ ಸರಿ. ಕಂಪ್ಯೂಟರಿಗೂ ಹಾಗೆಯೇ. ಮನುಷ್ಯ ಯಾರೆಂಬುದು ಅದಕ್ಕೆ ಬೇಡ, ಡಾಕ್ಟರ ಪಾತ್ರವೋ ನರ್ಸ್ ಪಾತ್ರವೋ ಕೌಂಟರಿನಲ್ಲಿ ಕೂತು ರೋಗಿಗಳ ಚೀಟಿ ಮಾಡುವವರ ಪಾತ್ರವೋ ಅಷ್ಟು ತಿಳಿದರೆ ಸಾಕು. ಯಾವ ಪಾತ್ರವನ್ನು ಯಾರಿಗೆ ಕೊಡಬೇಕೆಂದು ಹೇಳಬೇಕಾದವನು ನಾನು.

ಒಂದು ಸೋಮವಾರ ರಾಮದುರ್ಗದ ಕೌಂಟರಿನಿಂದ ಬಸಣ್ಣನ ಫೋನ್ ಬಂತು. “ಸರ್, ಮಂದಿ ಬಾಗಲಾ ತನಕಾ ನಿಂತಾರ. ಚೀಟಿ ಮಾಡೋ ಪೇಜ ತೆರೀವಲ್ದು. ಡಾಕ್ಟರ್‌ಬಾಯಿ ನನಗ ಬೈಯಾಕ ಹತ್ಯಾರ.”

ನಾಲ್ಕೂರ ಕೌಂಟರಿನವರಿಗೆ ನಾನಿನ್ನೂ ಪಾತ್ರವನ್ನೇ ಕೊಟ್ಟಿರಲಿಲ್ಲ. ಹೊಸದೊಂದನ್ನು ಮಾಡಿ, ಒಬ್ಬೊಬ್ಬರ ಹೆಸರನ್ನೂ ಸೇರಿಸುವುದು ಸರಿಯಾದ ದಾರಿ. ಅದಕ್ಕೆ ಅರ್ಧ ದಿನ ಬೇಕು. ಆದರೆ ಪ್ರತಿ ಪಾತ್ರದ ಎದುರಿಗೂ ಇನ್ನೊಂದು ಚೌಕವಿತ್ತು: ‘ಒಳಗೆ ಬಂದವರೆಲ್ಲ’. ಪಾಸ್‌ವರ್ಡ್ ಹಾಕಿ ಒಳಬಂದ ಯಾರು ಬೇಕಾದರೂ ಆ ಪಾತ್ರದ ಪುಟಗಳನ್ನು ನೋಡಬಹುದು ಎಂದು ಅರ್ಥ. ಚೀಟಿಯ ಪುಟವಿದ್ದ ಪಾತ್ರದ ಮುಂದೆ ಅದನ್ನು ಒತ್ತಿದೆ. ಐದು ನಿಮಿಷಕ್ಕೆ ಬಸಣ್ಣ ಮತ್ತೆ ಫೋನ್ ಮಾಡಿ, “ಆತ್ರೀ ಸರ್, ನಿಮ್ಮ ಕೈಯಾಗ ಜಾದೂ ಐತಿ” ಎಂದ. ನಾನು ಉಬ್ಬಿದೆ. ನಾಳೆ ಸರಿಯಾಗಿ ಮಾಡಿದರಾಯಿತು ಎಂದುಕೊಂಡೆ. ಅಂಥ ನಾಳೆಗಳು ನೂರು ದಾಟಿದವು.

ಚೀಟಿಯ ಪುಟ ಯಾವ ಪಾತ್ರಕ್ಕೆ ಸೇರಿತ್ತೋ ರಕ್ತ ತಪಾಸಣೆಯ ಪುಟವೂ ಅದಕ್ಕೇ ಸೇರಿತ್ತು. ಸೇರಿಸಿದವನೂ ನಾನೇ. ಪಟ್ಟಿಯನ್ನು ಎರಡು ಬೆರಳು ಕೆಳಗೆ ಸರಿಸಿದ್ದರೆ ಕಾಣುತ್ತಿತ್ತು.

ನಾಲ್ಕು ತಿಂಗಳ ಮೇಲೆ ರಾಮದುರ್ಗದ ಡಾಕ್ಟರ್‌ಬಾಯಿ, ಅಂದರೆ ಅಲ್ಲಿನ ಲೇಡಿ ಡಾಕ್ಟರು, ತಾವೇ ಬೈಲಹೊಂಗಲಕ್ಕೆ ಬಂದರು. ಕುರ್ಚಿ ಸರಿಸಿದರೂ ಕೂಡಲಿಲ್ಲ. “ರಕ್ತದ ರಿಪೋರ್ಟು ಚೀಟಿ ಮಾಡಾವರಿಗೆ ಹೆಂಗ ಕಾಣತೈತ್ರೀ?” ಎಂದರು.

ಅವರು ಹೇಳಿದ್ದು ಇಷ್ಟು. ಸುರೇಬಾನದ ಕಡೆಯ ಒಂದು ಹಳ್ಳಿ. (ಹಳ್ಳಿಯ ಹೆಸರು ಹೇಳುವುದಿಲ್ಲ, ಹೆಂಗಸಿನ ಹೆಸರನ್ನು ನೀಲವ್ವ ಎಂದಿಟ್ಟುಕೊಳ್ಳಿ.) ನೀಲವ್ವ ಶಾಲೆಯ ಬಿಸಿಯೂಟದ ಅಡುಗೆಯವಳು. ಗಂಡ ತೀರಿಕೊಂಡ ಮೇಲೆ ತಾನಾಗಿಯೇ ಬಂದು ರಕ್ತ ಕೊಟ್ಟಿದ್ದಳು. ಎಚ್ಐವಿ ಇತ್ತು. ಗುಟ್ಟಾಗಿ ಬಂದು ತೋರಿಸಿಕೊಂಡು ಹೋಗುತ್ತಿದ್ದಳು, ಗಟ್ಟಿಯಾಗಿಯೇ ಇದ್ದಳು. ಬಸಣ್ಣ ಅದೇ ಹಳ್ಳಿಯವನು. ಅವಳ ಚೀಟಿ ಮಾಡುವಾಗ ಪಕ್ಕದ ಪುಟ ತೆರೆದು ನೋಡಿದ. ಮರುದಿನ ಹತ್ತು ಹನ್ನೆರಡು ಮಕ್ಕಳು ಶಾಲೆಗೆ ತಟ್ಟೆ ತರಲಿಲ್ಲ. ಮೂರನೆಯ ದಿನ ಯಾರೂ ತರಲಿಲ್ಲ. ವಾರ ಕಳೆಯುವುದರೊಳಗೆ ಅವಳನ್ನು ಬರಬೇಡವೆಂದರು. ಅವಳು ಅನ್ನ ಮಾಡುತ್ತಿದ್ದ ಪಾತ್ರೆಯನ್ನು ಯಾರೋ ಒಯ್ದು ಹಳ್ಳಕ್ಕೆ ಎಸೆದರು.

ಅಡುಗೆಯಿಂದ, ಮುಟ್ಟುವುದರಿಂದ ಈ ರೋಗ ಬರುವುದಿಲ್ಲವೆಂದು ಡಾಕ್ಟರ್‌ಬಾಯಿ ಶಾಲೆಗೇ ಹೋಗಿ ತಿಳಿಸಿ ಹೇಳಿದ್ದರು. ಎಲ್ಲರೂ ತಲೆಯಾಡಿಸಿ ಕೇಳಿದರಂತೆ. ಮಾರನೆಯ ದಿನ ಮಕ್ಕಳ ಕೈಯಲ್ಲಿ ಮನೆಯ ಬುತ್ತಿ ಕಳಿಸಿದರಂತೆ.

ನನಗೆ ಮೊದಲು ಬಂದದ್ದು ಬಸಣ್ಣನ ಮೇಲೆ ಸಿಟ್ಟು. ತನ್ನ ಮೇಲೆ ಬರಬೇಕಾದ ಸಿಟ್ಟು ಇನ್ನೊಬ್ಬರ ಮೇಲೆ ಬಂದರೆ ಎಷ್ಟು ಹಿತವೆಂಬುದು ಅಂದು ತಿಳಿಯಿತು. ರಾಮದುರ್ಗಕ್ಕೆ ಹೋಗಿ ಎದುರು ನಿಂತೆ.

“ಮನ್ಯಾಗಷ್ಟ ಹೇಳೀನ್ರಿ ಸರ್,” ಎಂದ ಬಸಣ್ಣ. “ನನ್ನ ಮಗಳು ಆಕಿ ಕೈಲೆ ಉಣತಿದ್ಲು. ಹೆದರಿಕಿ ಆತು.”

“ಅದನ್ನ ನೀ ನೋಡಬಾರದಿತ್ತು.”

“ನೋಡಬಾರದ್ದಾದ್ರ ಯಾಕ ತೋರಸಿದ್ರಿ?”

ದವಾಖಾನೆಯವರು ‘ಕಂಪ್ಯೂಟರಿನ ದೋಷ’ ಎಂದು ಬರೆದು ಕಡತ ಮುಚ್ಚಿದರು. ಕಂಪ್ಯೂಟರಿನದೇನೂ ದೋಷವಿರಲಿಲ್ಲ. ನಾನು ಹೇಳಿದ್ದನ್ನು ಅದು ಅಕ್ಷರಶಃ ಮಾಡಿತ್ತು.

ಕ್ಷಮೆ ಕೇಳಬೇಕೆನಿಸಿತು. ಅವಳ ಹಳ್ಳಿಗೆ ಆ ಹೊತ್ತಿಗೆ ಬಸ್ಸಿರಲಿಲ್ಲ, ದವಾಖಾನೆಯ ಜೀಪಿನಲ್ಲಿ ಹೋದೆ. ನೀಲವ್ವ ಬಾಗಿಲಿಗೆ ಬಂದಳು. ನಲವತ್ತರ ಒಳಗಿನ ಹೆಂಗಸು, ತೋಳು ಗಟ್ಟಿ, ಮುಖ ಬಾಡಿತ್ತು. “ಕಂಪ್ಯೂಟರ್ ಕೆಲಸ ಮಾಡಿದಾಂವ ನಾನ ರೀ, ಅಕ್ಕಾ. ತಪ್ಪು ನಂದು,” ಎಂದೆ.

ಅವಳು ನನ್ನ ಹೆಗಲಾಚೆ ನೋಡುತ್ತಿದ್ದಳು. “ಜೀಪ್ ತಗೊಂಡು ಬಂದೀರಿ?”

ತಿರುಗಿ ನೋಡಿದೆ. ಜೀಪಿನ ಮೈಮೇಲೆ ದಪ್ಪಕ್ಷರದಲ್ಲಿ ದವಾಖಾನೆಯ ಹೆಸರು. ಎದುರಿನ ಕಟ್ಟೆಯ ಮೇಲೆ ನಾಲ್ಕು ಜನ ಅದನ್ನೇ ಓದುತ್ತಿದ್ದರು.

“ಗೊತ್ತಿಲ್ಲದ ಮನಿ ಒಂದೆರಡು ಉಳದಿದ್ದೂವ್ರಿ,” ಎಂದಳು ನೀಲವ್ವ. “ಈಗ ಅವಕ್ಕೂ ಗೊತ್ತಾತು.” ಕದಕ್ಕೆ ಕೈ ಹಾಕಿ, “ನಿಮ್ಮ ಜೀವಾ ಹಗರ ಮಾಡ್ಕೊಳ್ಳಾಕ ಬಂದ್ರಿ. ಆತೇನ್ರಿ ಹಗರ? ಹೋಗಿ ಬರ್ರಿ,” ಎಂದು ಬಾಗಿಲು ಮುಚ್ಚಿದಳು. ಅಂಥ ಹೊತ್ತಿನಲ್ಲೂ ‘ರಿ’ ಬಿಡಲಿಲ್ಲ.

ಮರುದಿನ ಎಲ್ಲ ಪಾತ್ರಗಳನ್ನೂ ಹೊಸದಾಗಿ ಮಾಡಿದೆ. ನಾಲ್ಕೂ ಊರಿಗೆ ಫೋನ್ ಮಾಡಿ ಒಬ್ಬೊಬ್ಬರ ಹೆಸರು, ಕೆಲಸ ಕೇಳಿ ಬರೆದುಕೊಂಡೆ. ಅಂದುಕೊಂಡ ಹಾಗೆ ಅರ್ಧ ದಿನವೇ ಹಿಡಿಯಿತು. ಎರಡು ತಿಂಗಳಲ್ಲಿ ನೀಲವ್ವ ಊರು ಬಿಟ್ಟಳೆಂದು ಡಾಕ್ಟರ್‌ಬಾಯಿ ಹೇಳಿದರು. ಎಲ್ಲಿಗೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳದಿರುವುದನ್ನು ನಾನು ಕಲಿತದ್ದು ಆಗ, ಮೂವತ್ತು ದಾಟಿದ ಮೇಲೆ.

ನಾಲ್ಕೈದು ವರ್ಷದ ನಂತರ ಒಂದು ಮಧ್ಯಾಹ್ನ, ಯಾವ ಊರೆಂದು ಕೇಳಬೇಡಿ, ಹಸಿವಾಗಿ ಒಂದು ಖಾನಾವಳಿಗೆ ಹೊಕ್ಕೆ. ಮಂದಿ ತುಂಬಿದ್ದರು. ರೊಟ್ಟಿಯ ಬುಟ್ಟಿ ಹಿಡಿದು ಬಂದವಳು ನೀಲವ್ವ. ಮೈ ತುಂಬಿಕೊಂಡಿತ್ತು. ಅವಳ ಕೈ ಗಾಳಿಯಲ್ಲೇ ನಿಂತಿತು. ನನ್ನ ಬಾಯಿಗೆ ‘ಅಕ್ಕಾ’ ಬಂದೇಬಿಟ್ಟಿತ್ತು, ನುಂಗಿಕೊಂಡೆ. ಪಕ್ಕದಲ್ಲಿ ಉಣ್ಣುತ್ತಿದ್ದ ಮುದುಕ ನಮ್ಮಿಬ್ಬರನ್ನೂ ನೋಡಿದ.

“ಯಾವೂರ ಕಡೆಯವರ್ರಿ?” ಎಂದಳು ನೀಲವ್ವ.

“ಬೈಲಹೊಂಗಲ ಕಡೆಯವನ್ರಿ.”

“ಇಲ್ಲಿ ಮೊದಲ ಸಲಾ ಬಂದಂಗ ಕಾಣತೈತಿ.”

“ಹೌದ್ರಿ,” ಎಂದೆ. “ಮೊದಲ ಸಲಾ.”

ಮುದುಕ ಮತ್ತೆ ತನ್ನ ತಾಟಿನ ಕಡೆ ತಿರುಗಿದ. ಅವಳು ಬಿಸಿ ರೊಟ್ಟಿಯೊಂದನ್ನು ನನ್ನ ತಾಟಿಗೆ ಹಾಕಿ, ನಾನು ಕೇಳದಿದ್ದರೂ ಅದರ ಮೇಲೆ ಇನ್ನೊಂದು ಹಾಕಿದಳು. “ಹಂಗಾರ ಹೊಟ್ಟಿ ತುಂಬ ಉಣ್ರಿ.”

ತಾಟಿನಲ್ಲಿ ಒಂದು ತುಣುಕೂ ಉಳಿಯದಂತೆ ಉಂಡು, ಕೈ ತೊಳೆದು, ಗುರುತಿಲ್ಲದ ಗಿರಾಕಿಯ ಹಾಗೆ ಹೊರಗೆ ಬಂದೆ.